ಕಲಹಗಳ ಲೆಕ್ಕ ಮತ್ತು ವಿರೋಧೀ ಹಿಂಸೆ

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ಹೇಳುವ ಕ್ರಮ ನಮ್ಮ ಶ್ರಾವಕಾಚಾರದಲ್ಲಿದೆ. ಮುನಿಗಳಿಗೆ ಈ ನಾಲ್ಕೂ ತ್ಯಾಜ್ಯವಾದವು. ಗೃಹಸ್ಥನು ಮಾತ್ರ ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ, ಉಳಿದ ಮೂರನ್ನು ಸಾಧ್ಯವಾದಷ್ಟು ಮಿತಗೊಳಿಸಬೇಕು. ತನ್ನನ್ನೂ ತನ್ನವರನ್ನೂ ನಾಡನ್ನೂ ರಕ್ಷಿಸಿಕೊಳ್ಳುವಾಗ ಅನಿವಾರ್ಯವಾಗಿ ಒದಗುವುದು ವಿರೋಧೀ ಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದುದೂ, ಪರಮ ಜಿನಭಕ್ತನಾದ ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದುದೂ ಈ ಅವಕಾಶದೊಳಗೇ.

ಆದರೆ ಇಲ್ಲೊಂದು ಕಠಿಣವಾದ ಪ್ರಶ್ನೆಯಿದೆ. ಚರಿತ್ರೆಯಲ್ಲಿ ಯುದ್ಧಕ್ಕೆ ಹೊರಟ ರಾಜ್ಯಗಳಲ್ಲಿ ತಾನು ಸಂಕಲ್ಪೀ ಹಿಂಸೆಗೆ ಹೊರಟಿದ್ದೇನೆಂದು ಒಪ್ಪಿಕೊಂಡದ್ದು ತೀರ ವಿರಳ. ಎಲ್ಲರೂ ಹೇಳುವುದು ಆತ್ಮರಕ್ಷಣೆಯ ಮಾತನ್ನೇ. ಎರಡು ಪಕ್ಷಗಳೂ ಪ್ರಾಮಾಣಿಕವಾಗಿ ರಕ್ಷಣೆಯನ್ನೇ ಬಯಸಿದ್ದರೆ ಲಕ್ಷಾಂತರ ಜನರ ವಧೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಗಣಿತದ ಮೂಲಕ ಎದುರಿಸಿದವರಲ್ಲಿ ಮೊದಲಿಗರು ಲೂಯಿಸ್ ಫ್ರೈ ರಿಚರ್ಡ್‌ಸನ್.

ರಿಚರ್ಡ್‌ಸನ್ ಹುಟ್ಟಿದ್ದು 1881ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಕ್ವೇಕರ್ ಮನೆತನವೊಂದರಲ್ಲಿ. ಕ್ವೇಕರರು ಕ್ರೈಸ್ತರಲ್ಲಿ ಶಸ್ತ್ರಧಾರಣೆಯನ್ನು ನಿರಾಕರಿಸುವ ಒಂದು ಸಣ್ಣ ಪಂಥದವರು. ವೃತ್ತಿಯಿಂದ ರಿಚರ್ಡ್‌ಸನ್ ಹವಾಮಾನ ವಿಜ್ಞಾನಿ. ಮೊದಲನೆಯ ಮಹಾಯುದ್ಧ ನಡೆಯುತ್ತಿರುವಾಗ, 1916ರಲ್ಲಿ, ಅವರು ಕೆಲಸಕ್ಕೆ ರಾಜೀನಾಮೆಯಿತ್ತು ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಸೇವೆಗೆ ನಿಂತರು. ಗಣಿತದಿಂದ ಹವಾಮಾನದ ಮುನ್ಸೂಚನೆ ನೀಡುವ ವಿಧಾನವನ್ನು ಕುರಿತ ಅವರ ಹಸ್ತಪ್ರತಿ 1917ರ ಕಾಳಗವೊಂದರ ಗೊಂದಲದಲ್ಲಿ ಕಳೆದುಹೋಗಿ, ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ದೊರೆಯಿತು. ಯುದ್ಧ ಮುಗಿದ ಮೇಲೆ ಅವರು ಮತ್ತೆ ಹವಾಮಾನ ಇಲಾಖೆಯನ್ನು ಸೇರಿದರು. 1920ರಲ್ಲಿ ಆ ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನಕ್ಕೆ ಬರಲು, ಎರಡನೆಯ ಬಾರಿಗೆ ಉದ್ಯೋಗವನ್ನು ತೊರೆದರು. ಉದ್ಯೋಗೀ ಹಿಂಸೆಯ ವಿಷಯದಲ್ಲಿ ಇಷ್ಟು ಎಚ್ಚರವನ್ನು ನಮ್ಮವರಲ್ಲಿಯೂ ಎಷ್ಟು ಮಂದಿ ತೋರಿಯಾರು?

ಬಳಿಕ ಅವರ ಬುದ್ಧಿ ಹೆಚ್ಚು ಹೆಚ್ಚಾಗಿ ಯುದ್ಧಕಾರಣಗಳ ಕಡೆಗೆ ತಿರುಗಿತು. ಎರಡು ರಾಜ್ಯಗಳ ಶಸ್ತ್ರಸಂಗ್ರಹವನ್ನು ಅವರು ಎರಡು ಸಮೀಕರಣಗಳಲ್ಲಿ ಬರೆದರು. ಒಂದು ರಾಜ್ಯದ ಶಸ್ತ್ರವನ್ನು ಏರಿಸುವುದು ಎದುರಾಳಿಯ ಶಸ್ತ್ರದಿಂದ ಹುಟ್ಟುವ ಭಯ. ಇಳಿಸುವುದು ತನ್ನದೇ ವೆಚ್ಚದ ಭಾರ. ಇವೆರಡರ ಜೊತೆಗೆ ಸೇರುವುದು ಹಳೆಯ ಅಸಮಾಧಾನ. ವೆಚ್ಚದ ಭಾರಕ್ಕಿಂತ ಭಯ ಹೆಚ್ಚಾದರೆ ಎರಡೂ ಕಡೆಯ ಶಸ್ತ್ರಗಳು ಒಂದನ್ನೊಂದು ಏರಿಸುತ್ತ ಮಿತಿಯಿಲ್ಲದೆ ಬೆಳೆಯುತ್ತವೆ. ಇದಕ್ಕೆ ಇವರಲ್ಲೊಬ್ಬರು ದುಷ್ಟರಾಗಿರಬೇಕಾದ ಅಗತ್ಯವಿಲ್ಲ. ಇಬ್ಬರೂ ಅಂಜಿದವರಾಗಿದ್ದರೆ ಸಾಕು.

1909ರಿಂದ 1913ರವರೆಗಿನ ಅಂಕಿಗಳಿಗೆ ಅವರು ಈ ತತ್ತ್ವವನ್ನು ಅನ್ವಯಿಸಿದರು. ಒಂದು ಕಡೆ ಫ್ರಾನ್ಸ್ ಮತ್ತು ರಷ್ಯಾ, ಇನ್ನೊಂದು ಕಡೆ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ. ಈ ನಾಲ್ಕು ರಾಜ್ಯಗಳ ಒಟ್ಟು ಸೇನಾವೆಚ್ಚ 1909ರಲ್ಲಿ ಸುಮಾರು 19 ಕೋಟಿ 90 ಲಕ್ಷ ಪೌಂಡು. 1913ರಲ್ಲಿ 28 ಕೋಟಿ 90 ಲಕ್ಷ. ವೆಚ್ಚ ಹೆಚ್ಚಿದಷ್ಟೂ ಏರಿಕೆಯ ವೇಗವೂ ಹೆಚ್ಚುತ್ತ ಹೋದುದು ಒಂದು ಸರಳರೇಖೆಯ ಮೇಲೆ ಕುಳಿತಿತು. ಆ ರೇಖೆಯನ್ನು ಹಿಂದಕ್ಕೆ ಎಳೆದರೆ ಏರಿಕೆ ಶೂನ್ಯವಾಗುವ ಹಂತ 19 ಕೋಟಿ 40 ಲಕ್ಷದ ಸುತ್ತ ಬರುತ್ತದೆ. ವ್ಯಾಪಾರ ಮತ್ತು ಪರಸ್ಪರ ಸಹಕಾರದ ಸದ್ಭಾವವೇ ಆ ಮಟ್ಟದವರೆಗಿನ ಶಸ್ತ್ರಭಯವನ್ನು ಸರಿದೂಗಿಸುತ್ತಿತ್ತೆಂದು ರಿಚರ್ಡ್‌ಸನ್ ಅರ್ಥೈಸಿದರು. ಅವರ ಲೆಕ್ಕವನ್ನು ಒಪ್ಪುವುದಾದರೆ, 1909ರ ಯೂರೋಪು ಸಮತೋಲದ ಗೆರೆಯನ್ನು ದಾಟಿದ್ದುದು ಕೇವಲ 50 ಲಕ್ಷ ಪೌಂಡಿನಷ್ಟು. ಐದು ವರ್ಷಗಳ ಬಳಿಕ ಮಹಾಯುದ್ಧ ಆರಂಭವಾಯಿತು.

1953ರಲ್ಲಿ ತೀರಿಕೊಂಡ ರಿಚರ್ಡ್‌ಸನ್ನರ ಎರಡು ಪ್ರಮುಖ ಗ್ರಂಥಗಳು 1960ರಲ್ಲಿ ಪ್ರಕಟವಾದವು. ಅವುಗಳಲ್ಲಿ ಒಂದು ಮಾರಕ ಕಲಹಗಳ ಅಂಕಿಅಂಶವನ್ನು ಕುರಿತದ್ದು. ಯುದ್ಧ, ದಂಗೆ, ಕೊಲೆ ಎಂಬ ಹೆಸರಿನ ಭೇದಗಳನ್ನು ಬದಿಗಿಟ್ಟು, ಸತ್ತವರ ಸಂಖ್ಯೆಯೊಂದನ್ನೇ ಆಧಾರವಾಗಿ ಹಿಡಿದು, ಎಲ್ಲವನ್ನೂ ಅವರು ಒಂದೇ ಅಳತೆಗೋಲಿನ ಮೇಲೆ ಇಟ್ಟರು. ಒಬ್ಬನ ಕೊಲೆ ಸೊನ್ನೆಯ ಹಂತ. ಸಾವಿರ ಜನರ ಸಾವು ಮೂರನೆಯ ಹಂತ. ಹತ್ತು ಲಕ್ಷದ್ದು ಆರನೆಯದು. ಎರಡು ಮಹಾಯುದ್ಧಗಳು ಏಳನ್ನೂ ಮೀರಿದವು. 1820ರಿಂದ 1945ರವರೆಗೆ ಇಂತಹ ಕಲಹಗಳಲ್ಲಿ ಸತ್ತವರು ಸುಮಾರು 5 ಕೋಟಿ 90 ಲಕ್ಷ ಎಂದು ಅವರ ಅಂದಾಜು. ಅದರಲ್ಲಿ ಮಹಾಯುದ್ಧಗಳ ಪಾಲು 3 ಕೋಟಿ 60 ಲಕ್ಷ. ಒಂದೆರಡು ಜೀವ ಹೋಗುವ ಬಿಡಿ ಕೊಲೆಗಳ ಪಾಲು ಕೂಡ ಕೋಟಿಯ ಸಮೀಪಕ್ಕೆ ಬಂತು. ರಾಜ್ಯ ಮಾಡಿದ ಕೊಲೆಗೆ ಬೇರೆ ಹೆಸರಿಟ್ಟು ಗೌರವಿಸುವ ಲೋಕದ ರೂಢಿಯನ್ನು ಈ ಅಳತೆಗೋಲು ಮನ್ನಿಸಲಿಲ್ಲ.

ಅವರು ತೆರೆದ ದಾರಿಯಲ್ಲಿ ಅನೇಕರು ಮುಂದೆ ಸಾಗಿದರು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸಿಂಗರ್ 1963ರಲ್ಲಿ ಯುದ್ಧಗಳ ವ್ಯವಸ್ಥಿತ ದಾಖಲೆಯ ಯೋಜನೆಯೊಂದನ್ನು ಆರಂಭಿಸಿದರು. ಪ್ರಜಾಪ್ರಭುತ್ವಗಳು ತಮ್ಮತಮ್ಮೊಳಗೆ ಯುದ್ಧ ಮಾಡುವುದು ಅತಿ ವಿರಳವೆಂಬ ಅಂಶವನ್ನು ಮೈಕಲ್ ಡಾಯ್ಲ್ 1983ರಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಅವೇ ಪ್ರಜಾಪ್ರಭುತ್ವಗಳು ಬೇರೆ ಬಗೆಯ ಆಡಳಿತಗಳ ಮೇಲೆ ಯುದ್ಧ ಮಾಡಲು ಹಿಂಜರಿಯುವುದಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಭಯೋತ್ಪಾದನೆಯ ವಿಷಯದಲ್ಲಿ ಮ್ಯಾಕ್ಸ್ ಅಬ್ರಾಮ್ಸ್ 2006ರಲ್ಲಿ 28 ಗುಂಪುಗಳ 42 ರಾಜಕೀಯ ಗುರಿಗಳನ್ನು ಪರಿಶೀಲಿಸಿ, ಅವು ಸಾಧಿತವಾದದ್ದು ಶೇಕಡಾ 7ರಷ್ಟು ಮಾತ್ರವೆಂದು ಕಂಡುಕೊಂಡರು. ಅನ್ಯರಲ್ಲಿ ಭಯವನ್ನು ಬಿತ್ತಿದವರು ಬಯಸಿದ ಫಲವನ್ನು ಕೊಯ್ಯುವುದು ಅಪರೂಪ. ಭಯಗೊಂಡವರು ಮಣಿಯುವುದಕ್ಕಿಂತ ಹೆಚ್ಚಾಗಿ ಶಸ್ತ್ರದ ಕಡೆಗೇ ಕೈಚಾಚುತ್ತಾರೆ.

ರಿಚರ್ಡ್‌ಸನ್ನರ ಸಮೀಕರಣಗಳು ವಿಧಿಲಿಖಿತವಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ದೀರ್ಘ ಶಸ್ತ್ರಸ್ಪರ್ಧೆ 1991ರ ಹೊತ್ತಿಗೆ ಅವೆರಡರ ನಡುವೆ ನೇರ ಯುದ್ಧವಿಲ್ಲದೆಯೇ ಮುಗಿಯಿತು. ಸ್ವತಃ ರಿಚರ್ಡ್‌ಸನ್ನರೇ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದರು: ಮನುಷ್ಯರು ನಿಂತು ಯೋಚಿಸದಿದ್ದರೆ ಏನಾಗುವುದೋ ಅದನ್ನಷ್ಟೇ ಈ ಸಮೀಕರಣಗಳು ಹೇಳುತ್ತವೆ ಎಂದು. ಜೈನ ಓದುಗರಿಗೆ ಈ ಮಾತು ಅಪರಿಚಿತವಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವೊಂದನ್ನೇ ಹೇಳದೆ ಅದರ ಮೂಲದಲ್ಲಿ ಪ್ರಮಾದವನ್ನು ಇರಿಸಿದ್ದಾರೆ. ಕಷಾಯಕ್ಕೆ ವಶವಾದ ಮನಸ್ಸಿನ ಎಚ್ಚರಗೇಡಿತನವೇ ಪ್ರಮಾದ. ಹವಾಮಾನ ವಿಜ್ಞಾನಿಯೊಬ್ಬರು ಶಸ್ತ್ರವೆಚ್ಚದ ಅಂಕಿಗಳ ನಡುವೆ ಕಂಡದ್ದೂ ಅದನ್ನೇ.

ಭರತ-ಬಾಹುಬಲಿಯರ ಕಥೆಯಲ್ಲಿ ಎರಡು ಸೇನೆಗಳು ಎದುರುಬದುರಾಗಿ ನಿಂತಾಗ, ಮಂತ್ರಿಗಳು ನಡುವೆ ಬಂದು ಸೈನಿಕರ ವಧೆಯನ್ನು ತಡೆದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ನಿಂತು ಯೋಚಿಸಿದವರು ಆ ಮಂತ್ರಿಗಳು. ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ಚಕ್ರವನ್ನು ಪ್ರಯೋಗಿಸಿದುದು ಪ್ರಮಾದ. ಗೆದ್ದ ಬಾಹುಬಲಿಯು ರಾಜ್ಯವನ್ನೇ ಬಿಟ್ಟು ನಡೆದುದು ಅಪ್ರಮಾದ.

1998ರ ಮೇ 11ರಂದು ಭಾರತ ಅಣುಪರೀಕ್ಷೆಯನ್ನು ನಡೆಸಿತು. ಹದಿನೇಳು ದಿನಗಳಲ್ಲಿ ಪಾಕಿಸ್ತಾನವೂ ನಡೆಸಿತು. ಎರಡು ದೇಶಗಳೂ ಹೇಳಿದ್ದು ರಕ್ಷಣೆಯ ಮಾತನ್ನೇ. ಶ್ರಾವಕನು ದೇಶರಕ್ಷಣೆಯಿಂದ ವಿಮುಖನಾಗಬೇಕೆಂದು ಇದರ ಅರ್ಥವಲ್ಲ. ಆದರೆ ವಿರೋಧೀ ಹಿಂಸೆಯ ಅವಕಾಶವನ್ನು ನಾವು ಬಳಸಿಕೊಳ್ಳುವಾಗ, ನಮ್ಮ ರಕ್ಷಣೆ ಎದುರಿನವನ ಕಣ್ಣಿಗೆ ಹೇಗೆ ಕಾಣುತ್ತದೆಂದು ಒಮ್ಮೆ ಅವನ ಸ್ಥಾನದಲ್ಲಿ ನಿಂತು ನೋಡುವ ಹೊಣೆಯೂ ನಮ್ಮ ಮೇಲಿದೆ. ಅನೇಕಾಂತವನ್ನು ನಂಬಿದವರಿಗೆ ಇದು ಹೊಸ ಪಾಠವಲ್ಲ. ರಾಷ್ಟ್ರಗಳ ನಡುವಿನ ಮಾತಿರಲಿ, ಅಣ್ಣತಮ್ಮಂದಿರ ಆಸ್ತಿವಿವಾದದಲ್ಲಿಯೂ ಅಕ್ಕಪಕ್ಕದ ಮನೆಗಳ ಬೇಲಿಜಗಳದಲ್ಲಿಯೂ ಆ ಎಚ್ಚರವನ್ನು ನಾವು ಇಟ್ಟುಕೊಂಡಿದ್ದೇವೆಯೆ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ರಿಚರ್ಡ್‌ಸನ್ನರ ಅಳತೆಗೋಲು ಆರಂಭವಾಗುವುದು ಸೊನ್ನೆಯಿಂದ, ಒಂದೇ ಒಂದು ಜೀವದಿಂದ.