ತೋಂಟ ಮತ್ತು ಬಯಲು: ಎಡೆಯೂರು ಸಿದ್ಧಲಿಂಗ ಯತಿಗಳ ಎರಡು ಪದಗಳು

ನೊಣವಿನಕೆರೆಯಿಂದ ತುರುವೇಕೆರೆ, ಮಾಯಸಂದ್ರಗಳ ಮಾರ್ಗವಾಗಿ ಹೊರಟ ಭಕ್ತರಿಗೆ ಎಡೆಯೂರು ದೂರವಲ್ಲ. ಅಲ್ಲಿ ನಿರ್ವಿಕಲ್ಪ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳು ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’ ಎಂಬ ಅಂಕಿತದಲ್ಲಿ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕರುಣಿಸಿದ ಮಹಾಮಹಿಮರು.

ಅವರ ಹೆಸರಿನೊಡನಿರುವ ‘ತೋಂಟ’ವು ಇಂದಿನ ‘ತೋಟ’ವೇ. ಆಡುಮಾತು ಹಳೆಯ ಬಿಂದುವನ್ನು ಬಿಟ್ಟರೂ ಗದಗಿನ ತೋಂಟದಾರ್ಯ ಮಠದ ಹೆಸರು ಅದನ್ನು ಕಾಪಾಡಿಕೊಂಡು ಬಂದಿದೆ. ಕಗ್ಗೆರೆಯ ತೋಟದಲ್ಲಿ ಸುತ್ತಲೂ ಹುತ್ತ ಬೆಳೆದರೂ ಅರಿಯದೆ ತಪೋನಿರತರಾಗಿದ್ದುದರಿಂದ ಈ ಹೆಸರು ಬಂದಿತೆಂಬುದು ಪರಂಪರೆಯ ನಂಬುಗೆ.

ತೋಟದ ಹೆಸರನ್ನು ಹೊತ್ತವರ ವಚನಗಳು ಭಕ್ತನನ್ನು ಕರೆದೊಯ್ಯುವುದಾದರೋ ಬಯಲಿಗೆ. ಈ ಪದವನ್ನು ಅನೇಕರು ‘ಏನೂ ಇಲ್ಲದ್ದು’ ಎಂದೇ ಅರ್ಥೈಸುತ್ತಾರೆ. ‘ಬಯಲಾದರು’ ಎಂಬ ಮಾತನ್ನು ಸಾವಿನ ಮನೆಯಲ್ಲಿ ಕೇಳಿದವರಿಗೆ, ತಮ್ಮವರು ಇಲ್ಲವೇ ಆಗಿಹೋದರೆಂದು ದುಃಖ ಇಮ್ಮಡಿಸುವುದೂ ಉಂಟು. ಪದದ ಮೂಲ ಹಾಗೆ ಹೇಳುವುದಿಲ್ಲ. ಬಯಲು ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳಗಳಲ್ಲಿ ಇದರ ಸೋದರ ರೂಪವಾದ ‘ವಯಲ್’ ಎಂದರೆ ಗದ್ದೆ. ಬೆಳೆಯುವ ನೆಲ! ಕನ್ನಡದಲ್ಲಿ ಅದು ಮರೆಯಿಲ್ಲದ, ತೆರೆದ ವಿಸ್ತಾರವಾಯಿತು. ಬಯಲಾಟ, ಬಯಲುಸೀಮೆ, ಗುಟ್ಟು ಬಯಲಾಯಿತು ಎಂಬಲ್ಲೆಲ್ಲ ತೋರುವುದು ಆ ತೆರವೇ ಹೊರತು ನಾಶವಲ್ಲ. ತೆಂಗಿನ ತೋಟಕ್ಕೆ ಬೇಲಿ ಕಟ್ಟಿ ಬಾಳುವ ತಿಪಟೂರು ಸೀಮೆಯ ಒಕ್ಕಲುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೋಟಕ್ಕೆ ಎಲ್ಲೆಯುಂಟು, ಬಯಲಿಗಿಲ್ಲ. ಬೇಲಿ ಕಿತ್ತರೆ ನೆಲವೇನೂ ಅಳಿಯದು. ಅಂಗವೆಂಬ ಎಲ್ಲೆ ಕಳೆದು ಲಿಂಗದಲ್ಲಿ ಬೆರೆತ ಶರಣನ ಐಕ್ಯವೂ ಅಂಥದೇ.

ಸಂಸ್ಕೃತದ ‘ಶೂನ್ಯ’ಕ್ಕೂ ಉಬ್ಬಿದ್ದು ಎಂಬರ್ಥದ ‘ಶೂನ’ದೊಡನೆ ನಂಟಿದೆಯೆಂದು ನಿರುಕ್ತಿಕಾರರು ಹೇಳುವುದು ಗಮನಾರ್ಹ. ಇದೇ ಗುರುಪರಂಪರೆಯ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ತುಮಕೂರು ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಗ್ರಂಥದ ಹೆಸರು ‘ಶೂನ್ಯಸಂಪಾದನೆ’. ಶೂನ್ಯವು ಬರಿಯ ಇಲ್ಲಮೆಯಾಗಿದ್ದಲ್ಲಿ ಅದನ್ನು ಸಂಪಾದಿಸುವ ಮಾತೇ ಏಳುತ್ತಿರಲಿಲ್ಲ.