ಗುರುದತ್ತ ಪಡುಕೋಣೆ

ಗುರುದತ್ತ ಪಡುಕೋಣೆ (9 ಜುಲೈ 1925 – 10 ಅಕ್ಟೋಬರ್ 1964): ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ಮುಂಬಯಿಯ ಹಿಂದೀ ಚಿತ್ರರಂಗದಲ್ಲಿ ನಿರ್ದೇಶಕರಾಗಿಯೂ ನಟರಾಗಿಯೂ ನಿರ್ಮಾಪಕರಾಗಿಯೂ ಪ್ರಸಿದ್ಧರಾದವರು. ನಟರಾಗಿದ್ದು ನಿರ್ದೇಶಕರಾದವರ ಸಾಲಿನಲ್ಲಿ ಇವರನ್ನು ಸೇರಿಸುವುದು ಕೈಪಿಡಿಗಳ ವಾಡಿಕೆ. ಆದರೆ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಹೆಸರುಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿ ನೋಡಿದಲ್ಲಿ, ನೃತ್ಯಕ್ಕಾಗಿ ನೇಮಕಗೊಂಡ ಯುವಕನೊಬ್ಬನು ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತ ಸಹಾಯಕ ನಿರ್ದೇಶಕನಾಗಿ, ಇಪ್ಪತ್ತಾರು ತುಂಬುವ ಹೊತ್ತಿಗೆ ನಿರ್ದೇಶಕನಾಗಿ, ಬಳಿಕ ನಾಯಕನಟನ ಸ್ಥಾನವನ್ನೂ ತಾನೇ ತುಂಬಿ, ಕಡೆಗೆ ನಿರ್ದೇಶನದ ಹೊಣೆಯಿಂದ ಹಿಂಜರಿದು ಬರಿಯ ನಟನಾಗಿಯೂ ನಿರ್ಮಾಪಕನಾಗಿಯೂ ಉಳಿದ ವೃತ್ತಾಂತವು ಗೋಚರಿಸುತ್ತದೆ. ಈ ಹಿಂಜರಿತ ಘಟಿಸಿದ 1959ನೆಯ ಇಸವಿಯೇ ಇವರ ವೃತ್ತಿಜೀವನದ ನಿಜವಾದ ತಿರುವು.

ಮೊದಲ ಗೊಂದಲವಿರುವುದು ಹೆಸರಿನಲ್ಲಿಯೇ. ತಂದೆತಾಯಿಗಳು ಇಟ್ಟ ಹೆಸರು ವಸಂತಕುಮಾರ. ಶೈಶವದಲ್ಲಿ ಸಂಭವಿಸಿದ ಅಪಘಾತದ ತರುವಾಯ ಆ ಹೆಸರು ಅಶುಭವೆಂದು ಭಾವಿಸಿ ಗುರುದತ್ತನೆಂದು ಕರೆದರು. ಚಿತ್ರಗಳಲ್ಲಿ ಈ ಒಂದೇ ಪದವು ‘ಗುರು’ ಎಂದೂ ‘ದತ್ತ್’ ಎಂದೂ ಎರಡಾಗಿ ಒಡೆದು, ಮನೆತನದ ಹೆಸರಾದ ಪಡುಕೋಣೆಯು ಲುಪ್ತವಾದುದರಿಂದಲೂ, ಇವರು ಬಂಗಾಳಿಯನ್ನು ನಿರರ್ಗಳವಾಗಿ ಆಡುತ್ತಿದ್ದುದರಿಂದಲೂ, ಉತ್ತರದ ಅನೇಕ ಪ್ರೇಕ್ಷಕರು ಇವರನ್ನು ಬಂಗಾಳದವರೆಂದೇ ಬಗೆದಿದ್ದರು. ವಾಸ್ತವದಲ್ಲಿ ಇವರದು ಕೊಂಕಣಿ ಮಾತೃಭಾಷೆಯ ಚಿತ್ರಾಪುರ ಸಾರಸ್ವತ ಕುಟುಂಬ. ಕುಲನಾಮವು ಕುಂದಾಪುರ ಸೀಮೆಯ ಪಡುಕೋಣೆಯೆಂಬ ಗ್ರಾಮದಿಂದ ಬಂದುದು. ತಂದೆ ಶಿವಶಂಕರರಾವ್ ಮೊದಲು ಶಾಲೆಯ ಮುಖ್ಯೋಪಾಧ್ಯಾಯರಾಗಿಯೂ ಅನಂತರ ಬ್ಯಾಂಕಿನ ನೌಕರರಾಗಿಯೂ ಇದ್ದವರು. ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲಿ ಸಣ್ಣ ಕಥೆಗಳನ್ನು ಬರೆದು, ಬಂಗಾಳೀ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಈ ತಾಯಿಯೇ ಮುಂದೆ ‘ನನ್ನ ಮಗ ಗುರುದತ್ತ’ ಎಂಬ ಸ್ಮೃತಿಗ್ರಂಥವನ್ನು ರಚಿಸಿದರು. ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆದ ಚರಿತ್ರಕಾರರಾರಿಗೂ ಇಲ್ಲದ ಮನೆಯೊಳಗಣ ಸಾಕ್ಷ್ಯವು ಹೀಗೆ ಕನ್ನಡದಲ್ಲಿ ಉಳಿದುಬಂದಿರುವುದನ್ನು ಕನ್ನಡ ಓದುಗರು ವಿಶೇಷವಾಗಿ ಗಮನಿಸತಕ್ಕದ್ದು.

ಬಾಲ್ಯ ಕಳೆದದ್ದು ಕಲ್ಕತ್ತೆಯ ಭವಾನೀಪುರದಲ್ಲಿ. ಬಂಧುಗಳಾದ ಬಿ. ಬಿ. ಬೆನಗಲ್ ಅಲ್ಲಿ ಸಿನಿಮಾ ಭಿತ್ತಿಚಿತ್ರಗಳನ್ನು ಬರೆಯುವ ಕಲಾವಿದರು. ಕಾಲೇಜು ವಿದ್ಯೆಗೆ ಮನೆಯ ಸ್ಥಿತಿ ಅನುಕೂಲಿಸದೆ, ಗುರುದತ್ತರು ಉದಯಶಂಕರರು ಹಿಮಾಲಯದ ಆಲ್ಮೋರದಲ್ಲಿ ಸ್ಥಾಪಿಸಿದ್ದ ಸಂಸ್ಕೃತಿ ಕೇಂದ್ರವನ್ನು ಸೇರಿ ನೃತ್ಯಾಭ್ಯಾಸ ಮಾಡಿದರು. ಯುದ್ಧಕಾಲದ ಸಂಕಷ್ಟದಲ್ಲಿ 1944ರಲ್ಲಿ ಆ ಕೇಂದ್ರ ಮುಚ್ಚಿತು. ದೇಹದ ಚಲನೆಯನ್ನೂ ಬೆಳಕಿನ ವಿನ್ಯಾಸವನ್ನೂ ಒಂದಾಗಿ ಕಾಣುವ ದೃಷ್ಟಿ ಇವರಿಗೆ ಅಲ್ಲಿಯೇ ದೊರೆಯಿತೆಂದು ಹೇಳುವುದಕ್ಕೆ, ಮುಂದಿನ ಚಿತ್ರಗಳ ಗೀತದೃಶ್ಯಗಳಿಗಿಂತ ಬೇರೆ ಪ್ರಮಾಣ ಬೇಕಿಲ್ಲ.

ಅದೇ ವರ್ಷ ಪುಣೆಯ ಪ್ರಭಾತ್ ಸಂಸ್ಥೆಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ಕೆಲಸ ದೊರೆಯಿತು. ನಿರ್ದೇಶಕ ಶಾಂತಾರಾಮರು ಬಿಟ್ಟುಹೋದ ಮೇಲೆ ಪ್ರಭಾತ್ ತನ್ನ ಉಚ್ಛ್ರಾಯವನ್ನು ಕಳೆದುಕೊಂಡಿದ್ದ ಕಾಲವದು. ಗುರುದತ್ತರ ಆರಂಭವನ್ನು ಕುರಿತ ಭಿನ್ನಾಭಿಪ್ರಾಯ ಇಲ್ಲಿಂದ ಮೊದಲಾಗುತ್ತದೆ. ಕೆಲವರು 1944ರ ‘ಚಾಂದ್’ ಚಿತ್ರದಲ್ಲಿ ಶ್ರೀಕೃಷ್ಣನ ಕಿರುಪಾತ್ರವನ್ನೇ ಮೊದಲ ಹೆಜ್ಜೆಯೆಂದು ಗಣಿಸುತ್ತಾರೆ. ಮತ್ತೆ ಕೆಲವರು ವಿಶ್ರಾಮ ಬೇಡೇಕರರ ‘ಲಾಖಾರಾನಿ’ (1945) ಚಿತ್ರದಿಂದ ಎಣಿಕೆ ತೊಡಗುತ್ತಾರೆ. ಈ ಎರಡನೆಯದರಲ್ಲಿ ಇವರು ನಟರೂ ಹೌದು, ನಿರ್ದೇಶಕರ ಸಹಾಯಕರೂ ಹೌದು. ‘ಹಮ್ ಏಕ್ ಹೈಂ’ (1946) ಚಿತ್ರದಲ್ಲಿ ಪಿ. ಎಲ್. ಸಂತೋಷಿಯವರಿಗೆ ಸಹಾಯಕರಾಗಿ, ನೃತ್ಯಗಳನ್ನೂ ಸಂಯೋಜಿಸಿದರು. ಹೀಗಿರುವಲ್ಲಿ ಇವರನ್ನು ಶುದ್ಧ ನಟನೆಂದು ಕರೆಯಬಹುದಾದ ವರ್ಷವೊಂದು ಪ್ರಭಾತ್ ಕಾಲದಲ್ಲಿ ಇರಲೇ ಇಲ್ಲ. ಸಂಸ್ಥೆಯ ಸಂಬಳಗಾರನು ಆ ದಿನ ಒಪ್ಪಿಸಿದ ಕೆಲಸ ಮಾಡಬೇಕಾಗಿದ್ದ ವ್ಯವಸ್ಥೆಯಲ್ಲಿ, ಬಣ್ಣ ಹಚ್ಚುವುದೂ ಹಲವು ಕೆಲಸಗಳಲ್ಲಿ ಒಂದಾಗಿತ್ತು. ‘ಹಮ್ ಏಕ್ ಹೈಂ’ ದೇವಾನಂದರ ಮೊದಲ ಚಿತ್ರ. ಒಬ್ಬರ ಅಂಗಿಯನ್ನು ಇನ್ನೊಬ್ಬರಿಗೆ ಅಗಸನು ಅದಲುಬದಲಾಗಿ ಕೊಟ್ಟದ್ದು ಇವರಿಬ್ಬರ ಸ್ನೇಹಕ್ಕೆ ಕಾರಣವಾಯಿತೆಂಬುದನ್ನು ದೇವಾನಂದರೇ ಹೇಳಿದ್ದಾರೆ. ತಾನು ಚಿತ್ರ ನಿರ್ಮಿಸಿದರೆ ಗುರುದತ್ತನೇ ನಿರ್ದೇಶಕ, ಗುರುದತ್ತ ನಿರ್ದೇಶಿಸಿದರೆ ತಾನೇ ನಾಯಕ, ಎಂಬ ಒಡಂಬಡಿಕೆ ಅವರಲ್ಲಿ ಆಗ ನಡೆಯಿತು.

1947ರಲ್ಲಿ ಕರಾರು ಮುಗಿದ ಬಳಿಕ ಸುಮಾರು ಹತ್ತು ತಿಂಗಳು ನಿರುದ್ಯೋಗ. ದಕ್ಷಿಣ ಭಾರತೀಯರು ದಟ್ಟವಾಗಿ ನೆಲಸಿದ್ದ ಮಾಟುಂಗದ ಮನೆಯಲ್ಲಿ ಕುಳಿತು ಗುರುದತ್ತರು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಮುಂದೆ ‘ಪ್ಯಾಸಾ’ ಆಗಿ ಬೆಳೆದ ‘ಕಶ್ಮಕಶ್’ ಕಥೆಯ ಬೀಜ ಈ ಕಾಲದ್ದು. ಅನಂತರ ಅಮಿಯ ಚಕ್ರವರ್ತಿಯವರ ‘ಗರ್ಲ್ಸ್ ಸ್ಕೂಲ್’ (1949), ಜ್ಞಾನ್ ಮುಖರ್ಜಿಯವರ ‘ಸಂಗ್ರಾಮ್’ (1950) ಚಿತ್ರಗಳಿಗೆ ಸಹಾಯಕರಾದರು. ದೇವಾನಂದರು ಮಾತು ಉಳಿಸಿಕೊಂಡರು. ನವಕೇತನ ಸಂಸ್ಥೆಯ ‘ಬಾಜಿ’ (1951), ಬಲರಾಜ ಸಾಹನಿಯವರ ಸಹಲೇಖನದೊಂದಿಗೆ, ಗುರುದತ್ತರ ನಿರ್ದೇಶನದ ಮೊದಲ ಕೃತಿಯಾಯಿತು. ಇದರ ಹಾಡುಗಳ ಮುದ್ರಣ ಸಮಯದಲ್ಲಿ ಪರಿಚಿತರಾದ ಗಾಯಕಿ ಗೀತಾ ರಾಯ್ 26 ಮೇ 1953ರಂದು ಇವರ ಪತ್ನಿಯಾದರು.

‘ಬಾಜಿ’ಯಿಂದ ಗುರುದತ್ತರಿಗೆ ದೊರೆತ ಮತ್ತೊಂದು ಸಂಪತ್ತು ಮೈಸೂರಿನ ವಿ. ಕೆ. ಮೂರ್ತಿಯವರು (1923–2014). ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತಿದ್ದ ಇವರು ಆ ಚಿತ್ರದಲ್ಲಿ ವಿ. ರಾತ್ರಾ ಅವರ ಕೈಕೆಳಗೆ ಕ್ಯಾಮರಾ ಸಹಾಯಕರು. ಕ್ಲಿಷ್ಟವಾದ ಚಲನೆಯುಳ್ಳ ದೃಶ್ಯವೊಂದನ್ನು ಕನ್ನಡಿಯ ಪ್ರತಿಬಿಂಬದ ಸಹಾಯದಿಂದ ಹೀಗೆ ತೆಗೆಯಬಹುದೆಂದು ಮೂರ್ತಿಯವರು ಸೂಚಿಸಿ, ಅನುಮತಿ ಪಡೆದು ತಾವೇ ತೆಗೆದು ತೋರಿಸಿದರೆಂದೂ, ಮುಂದಿನ ಚಿತ್ರದಿಂದ ನೀವೇ ನನ್ನ ಛಾಯಾಗ್ರಾಹಕರೆಂದು ಗುರುದತ್ತರು ಅಂದೇ ಹೇಳಿದರೆಂದೂ ಪ್ರತೀತಿ. ಆ ಮುಂದಿನ ಚಿತ್ರ ‘ಜಾಲ್’ (1952). ಅಲ್ಲಿಂದ ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಗುರುದತ್ತರ ಮುಖ್ಯ ಚಿತ್ರಗಳ ನೆರಳುಬೆಳಕು ಮೂರ್ತಿಯವರದ್ದು. ಬೆಂಗಳೂರಿನಲ್ಲಿ ಹುಟ್ಟಿದವನೂ ಮೈಸೂರಿನಲ್ಲಿ ಹುಟ್ಟಿದವನೂ ಮುಂಬಯಿಯಲ್ಲಿ ಕೂಡಿ ಹಿಂದೀ ಚಿತ್ರಗಳಿಗೆ ಹೊಸ ದೃಷ್ಟಿಯನ್ನಿತ್ತರೆಂಬುದು ಕನ್ನಡನಾಡು ಇನ್ನೂ ತಕ್ಕಷ್ಟು ನೆನೆಯದ ಸಂಗತಿ.

ಗುರುದತ್ತರು ನಿರ್ದೇಶಿಸಿದ ಚಿತ್ರಗಳು ಒಟ್ಟು ಎಂಟು: ‘ಬಾಜಿ’, ‘ಜಾಲ್’, ‘ಬಾಜ್’ (1953), ‘ಆರ್ ಪಾರ್’ (1954), ‘ಮಿಸ್ಟರ್ ಅಂಡ್ ಮಿಸೆಸ್ 55’ (1955), ‘ಸೈಲಾಬ್’ (1956), ‘ಪ್ಯಾಸಾ’ (1957), ‘ಕಾಗಜ್ ಕೇ ಫೂಲ್’ (1959). ಇವುಗಳಲ್ಲಿ ಐದರಲ್ಲಿ ಅವರೇ ನಾಯಕ. ‘ಬಾಜ್’ ನಾಯಕನಾಗಿ ಮೊದಲನೆಯದಾದರೂ ವಿಫಲವಾಯಿತು. ಓ. ಪಿ. ನಯ್ಯರರ ಸಂಗೀತ, ಅಬ್ರಾರ್ ಅಲ್ವಿಯವರ ಸಹಜ ಸಂಭಾಷಣೆ, ಮುಂಬಯಿಯ ಗ್ಯಾರೇಜು ಬೀದಿಗಳ ಬದುಕು ಕೂಡಿಬಂದ ‘ಆರ್ ಪಾರ್’ ಗೆದ್ದು, ಸ್ವಂತ ಸಂಸ್ಥೆಯನ್ನು ನೆಲೆಗೊಳಿಸಿತು. ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿ. ಐ. ಡಿ.’ (1956) ಚಿತ್ರವನ್ನು ನಿರ್ಮಿಸಿ, ತೆಲುಗು ಚಿತ್ರವೊಂದರ ನೃತ್ಯದಲ್ಲಿ ಗಮನ ಸೆಳೆದಿದ್ದ ವಹೀದಾ ರೆಹಮಾನರನ್ನು ಹಿಂದಿಗೆ ತಂದರು. ಇವೆಲ್ಲವೂ ಸಾಕಷ್ಟು ಬರೆಯಲ್ಪಟ್ಟ ವಿಷಯಗಳು.

‘ಪ್ಯಾಸಾ’ದ ನಾಯಕಪಾತ್ರವಾದ ಕವಿ ವಿಜಯನಿಗೆ ಮೊದಲು ನಿಶ್ಚಯಿಸಿದ್ದುದು ದಿಲೀಪಕುಮಾರರನ್ನು. ಚಿತ್ರೀಕರಣ ತೊಡಗಬೇಕಾದ ದಿನ ಅವರು ಬಾರದೆ ಹೋದುದರಿಂದ ನಿರ್ದೇಶಕರೇ ಬಣ್ಣ ಹಚ್ಚಿ ಕ್ಯಾಮರಾದ ಮುಂದೆ ನಿಂತರು. ಇಂದು ಗುರುದತ್ತರ ಮುಖವನ್ನು ಬಿಟ್ಟು ಆ ಕವಿಯನ್ನು ಊಹಿಸಲಾಗದಷ್ಟು ಒಂದಾಗಿಹೋಗಿರುವ ಈ ಪಾತ್ರವು ಹೀಗೆ ಒದಗಿದ್ದೆಂಬುದು, ಅವರ ನಟನೆಯನ್ನು ಆತ್ಮಚರಿತ್ರೆಯೆಂದು ಓದುವ ವಿಮರ್ಶಕರು ಮರೆಯಬಾರದ ಸಂಗತಿ. ಮಾತು ಕಡಿಮೆ, ನೋಟ ಹೆಚ್ಚು ಎಂಬಂತಿರುವ ಅವರ ಅಭಿನಯ, ದೀರ್ಘ ನಾಭಿಯ ಮಸೂರಗಳಿಂದ ಮುಖವನ್ನು ಸಮೀಪಿಸಿ ಹಿನ್ನೆಲೆಯನ್ನು ಮಸುಕುಗೊಳಿಸುವ ಅವರದೇ ಚಿತ್ರಣಕ್ರಮಕ್ಕೆ ಅನುರೂಪವಾಗಿತ್ತು. ಇಲ್ಲಿ ನಟನು ನಿರ್ದೇಶಕನ ಉಪಕರಣ.

‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕೀರ್ತಿಯಿಂದ ಜಾರಿ ಸ್ಟುಡಿಯೊದ ಶೂನ್ಯದಲ್ಲಿ ಸಾಯುವ ನಿರ್ದೇಶಕನ ಕಥೆ. ಇದರ ಪ್ರಖ್ಯಾತ ಗೀತದೃಶ್ಯದಲ್ಲಿ ಮೇಲಿನಿಂದ ಇಳಿದು ಇಬ್ಬರ ನಡುವೆ ನಿಲ್ಲುವ ಬೆಳಕಿನ ಸ್ತಂಭವನ್ನು ಮೂರ್ತಿಯವರು ದೀಪಗಳಿಂದ ಸಾಧಿಸಲಿಲ್ಲ; ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ತಾಕಿಸಿ, ಹೊಗೆ ಕವಿದ ಕತ್ತಲಿಗೆ ಇಳಿಸಿದರು. ಅವರನ್ನು ಕುರಿತ ಕನ್ನಡ ಗ್ರಂಥಕ್ಕೆ ‘ಬಿಸಿಲು ಕೋಲು’ ಎಂಬ ಹೆಸರು ಬಂದಿರುವುದು ಸಾರ್ಥಕವಾಗಿದೆ. ಫಿಲ್ಮ್‌ಫೇರ್ ಪ್ರಶಸ್ತಿ ಮೂರ್ತಿಯವರಿಗೆ ದೊರೆಯಿತು. ಪ್ರೇಕ್ಷಕರು ಮಾತ್ರ ಚಿತ್ರವನ್ನು ತಿರಸ್ಕರಿಸಿದರು. ಇದಾದ ಮೇಲೆ ಗುರುದತ್ತರು ನಿರ್ದೇಶಕನೆಂದು ಯಾವ ಚಿತ್ರಕ್ಕೂ ತಮ್ಮ ಹೆಸರು ಹಾಕಲಿಲ್ಲ. ‘ಚೌದಹ್ವೀಂ ಕಾ ಚಾಂದ್’ (1960) ಎಂ. ಸಾದಿಕರ ನಿರ್ದೇಶನದಲ್ಲಿ ಹೊರಬಂದು, ಕಳೆದುಹೋದ ಹಣವನ್ನು ತಂದುಕೊಟ್ಟಿತು.

ವಿವಾದದ ಮುಖ್ಯಸ್ಥಾನ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962). ವಿಮಲ ಮಿತ್ರರ ಬಂಗಾಳೀ ಕಾದಂಬರಿಯನ್ನಾಧರಿಸಿ, ಕ್ಷಯಿಸುತ್ತಿರುವ ಜಮೀನ್ದಾರೀ ಮನೆತನದ ಕಿರಿಯ ಸೊಸೆಯ ದುರಂತವನ್ನು ಹೇಳುವ ಈ ಚಿತ್ರದ ನಿರ್ದೇಶಕರೆಂದು ತೆರೆಯ ಮೇಲೆ ಕಾಣುವುದು ಸಂಭಾಷಣಕಾರ ಅಬ್ರಾರ್ ಅಲ್ವಿಯವರ ಹೆಸರು. ಆ ವರ್ಷದ ಉತ್ತಮ ನಿರ್ದೇಶಕನ ಫಿಲ್ಮ್‌ಫೇರ್ ಪ್ರಶಸ್ತಿ ಸಂದದ್ದೂ ಅವರಿಗೆ. ಆದರೆ ಅಲ್ವಿಯವರು ಇದಕ್ಕೆ ಮೊದಲಾಗಲಿ ಅನಂತರವಾಗಲಿ ಮತ್ತಾವ ಚಿತ್ರವನ್ನೂ ನಿರ್ದೇಶಿಸಲಿಲ್ಲವೆಂಬುದೂ, ಚಿತ್ರದ ಶೈಲಿ ‘ಪ್ಯಾಸಾ’ದ ಸೋದರಿಯಂತಿದೆಯೆಂಬುದೂ ಸೇರಿ, ನಿಜವಾದ ನಿರ್ದೇಶಕರು ಗುರುದತ್ತರೇ ಎಂಬ ನಂಬಿಕೆ ಅವರ ಮರಣಾನಂತರ ಬಲಿಯುತ್ತ ಹೋಯಿತು. ಗೀತದೃಶ್ಯಗಳನ್ನು ಗುರುದತ್ತರು ತೆಗೆದರೆಂದೂ, ಉಳಿದುದು ತಮ್ಮದೇ ಎಂದೂ ಅಲ್ವಿಯವರು ಕಡೆಯವರೆಗೆ ಹೇಳುತ್ತಿದ್ದರು. 2008ರಲ್ಲಿ ಸತ್ಯಾ ಸರಣ್ ಬರೆದ ಗ್ರಂಥದಲ್ಲಿ ಅವರ ಪಕ್ಷ ವಿಸ್ತಾರವಾಗಿ ದಾಖಲಾಗಿದೆ.

ಉಭಯಪಕ್ಷಗಳನ್ನು ತೂಗುವಾಗ ಎರಡು ಅಂಶಗಳನ್ನು ಬೇರ್ಪಡಿಸಿಕೊಳ್ಳಬೇಕು. ಶೈಲಿಯ ಸಾಮ್ಯವು ತಾನಾಗಿಯೇ ನಿರ್ದೇಶನದ ಪ್ರಮಾಣವಾಗದು. ಬೆಳಕು ಮೂರ್ತಿಯವರದ್ದಾಗಿ, ಮಾತು ಅಲ್ವಿಯವರದ್ದಾಗಿ, ಹಾಡುಗಳ ಚಿತ್ರಣ ಗುರುದತ್ತರದ್ದಾಗಿ ಇರುವಲ್ಲಿ ಹಳೆಯ ಚಿತ್ರಗಳ ಛಾಯೆ ಬೀಳದೆ ಇರುವುದೇ ಆಶ್ಚರ್ಯ. ಅಂತಿಮ ನಿರ್ಣಯದ ಅಧಿಕಾರ ಗುರುದತ್ತರಲ್ಲಿತ್ತೆಂಬುದಕ್ಕೆ ಮಾತ್ರ ಸ್ಪಷ್ಟ ದೃಷ್ಟಾಂತವಿದೆ. ಗಾಡಿಯಲ್ಲಿ ಹೋಗುವಾಗ ಸೊಸೆಯು ಕಥಾನಾಯಕ ಭೂತನಾಥನ ತೊಡೆಯ ಮೇಲೆ ತಲೆಯಿಡುವ ದೃಶ್ಯವನ್ನು ಪ್ರೇಕ್ಷಕರು ಸಹಿಸಲಿಲ್ಲವೆಂದು ಕಂಡೊಡನೆ, ಬಿಡುಗಡೆಯಾದ ಚಿತ್ರದಿಂದ ಅದನ್ನೂ ಕೊನೆಯ ಹಾಡೊಂದನ್ನೂ ತೆಗೆದುಹಾಕಿಸಿ, ಆ ಸ್ಥಳಕ್ಕೆ ಸಂಭಾಷಣೆಯನ್ನು ಸೇರಿಸಿದವರು ಅವರು. ನಿರ್ಮಾಪಕನಿಗೆ ಸಲ್ಲುವ ಈ ಅಧಿಕಾರವನ್ನು ನಿರ್ದೇಶನವೆಂದು ಕರೆದು, ಸಾಹಿತಿಯೊಬ್ಬನ ಏಕಮಾತ್ರ ಕೃತಿಯನ್ನು ಅವನಿಂದ ಕಸಿಯುವುದು ನ್ಯಾಯವಲ್ಲ. ಹಾಗೆಯೇ ಹಾಡುಗಳನ್ನು ಹೊರತುಪಡಿಸಿ ಹಿಂದೀ ಚಿತ್ರವೊಂದರ ಕರ್ತೃತ್ವವನ್ನು ನಿಶ್ಚಯಿಸುವುದೂ ಸಾಧ್ಯವಲ್ಲ. ಆದ್ದರಿಂದ ಚಿತ್ರ ಅಲ್ವಿಯವರದ್ದೆಂದೂ ಗೀತಗಳು ಗುರುದತ್ತರವೆಂದೂ ದಾಖಲಿಸುವುದೇ ಆಕರಗಳಿಗೆ ನಿಷ್ಠವಾದ ಕ್ರಮ. 1963ರ ಬರ್ಲಿನ್ ಚಿತ್ರೋತ್ಸವಕ್ಕೆ ಹೋದ ಭಾರತದ ಚಿತ್ರವೂ ಇದೇ.

ಕೊನೆಯ ವರ್ಷಗಳಲ್ಲಿ ಗುರುದತ್ತರು ಪರರ ಚಿತ್ರಗಳಲ್ಲಿ ನಟಿಸಿದರು: ‘ಸೌತೇಲಾ ಭಾಯಿ’ (1962), ‘ಭರೋಸಾ’, ‘ಬಹೂರಾನಿ’ (ಎರಡೂ 1963), ‘ಸುಹಾಗನ್’ ಮತ್ತು ಹೃಷಿಕೇಶ ಮುಖರ್ಜಿಯವರ ‘ಸಾಂಝ್ ಔರ್ ಸವೇರಾ’ (1964). ಚರಿತ್ರಕಾರರು ಇವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದರಿಂದ, ಅವರ ಜೀವನದಲ್ಲಿ ನಿರ್ದೇಶನವಿಲ್ಲದೆ ನಟನೆ ಮಾತ್ರವೇ ಉಳಿದ ಕಾಲವೊಂದಿತ್ತೆಂಬುದು ಮರೆಯಾಗುತ್ತದೆ. ಪಾಲಿ ಹಿಲ್‌ನ ಬಂಗಲೆಯನ್ನು 1963ರಲ್ಲಿ ಕೆಡವಿಸಿದ ಮೇಲೆ ಪೆಡ್ಡರ್ ರೋಡಿನ ಮನೆಯಲ್ಲಿ ಒಬ್ಬರೇ ಇದ್ದರು. 10 ಅಕ್ಟೋಬರ್ 1964ರ ಬೆಳಗ್ಗೆ ಅಲ್ಲಿ ಮೃತರಾಗಿ ಕಂಡುಬಂದರು, ವಯಸ್ಸು ಮೂವತ್ತೊಂಬತ್ತು. ಮದ್ಯವೂ ನಿದ್ರೆಯ ಔಷಧವೂ ಕೂಡಿದುದರಿಂದ ಆದ ಈ ಮರಣ ಬುದ್ಧಿಪೂರ್ವಕವೋ ಆಕಸ್ಮಿಕವೋ ಎಂಬುದರಲ್ಲಿ ಮತೈಕ್ಯವಿಲ್ಲ. ಆಕಸ್ಮಿಕವೆಂದೇ ಮಗ ಅರುಣ್ ಹೇಳುತ್ತಿದ್ದರು. ‘ಪ್ಯಾಸಾ’ದ ಕವಿಯನ್ನೂ ‘ಕಾಗಜ್ ಕೇ ಫೂಲ್’ನ ನಿರ್ದೇಶಕನನ್ನೂ ಸಾಕ್ಷಿಗೆ ಕರೆದು ಈ ಪ್ರಶ್ನೆಗೆ ಉತ್ತರ ಹೇಳುವ ಪದ್ಧತಿಯನ್ನು ಚರಿತ್ರೆ ಒಪ್ಪಲಾರದು.

ಆ ಸಮಯದಲ್ಲಿ ಅವರು ನಿರ್ಮಿಸಿ ನಟಿಸುತ್ತಿದ್ದ ‘ಬಹಾರೇಂ ಫಿರ್ ಭೀ ಆಯೇಂಗಿ’ ಶಹೀದ್ ಲತೀಫರ ನಿರ್ದೇಶನದಲ್ಲಿ, ಗುರುದತ್ತರ ಪಾತ್ರವನ್ನು ಧರ್ಮೇಂದ್ರರಿಂದ ಮತ್ತೆ ಮಾಡಿಸಿ, 1966ರಲ್ಲಿ ತೆರೆ ಕಂಡಿತು. ಸಂಸ್ಥೆಯನ್ನು ತಮ್ಮ ಆತ್ಮಾರಾಮರು ಮುಂದುವರಿಸಿದರು. ಅರುಣ್ ಖೋಪ್ಕರರ ಮರಾಠೀ ಗ್ರಂಥ (1985), ನಸ್ರೀನ್ ಮುನ್ನಿ ಕಬೀರರ ಸಾಕ್ಷ್ಯಚಿತ್ರ (1989) ಮತ್ತು ಜೀವನಚರಿತ್ರೆ (1996) ಮರುಮೌಲ್ಯಮಾಪನಕ್ಕೆ ದಾರಿ ಮಾಡಿದವು. 1984ರಲ್ಲಿ ಫ್ರಾನ್ಸಿನಲ್ಲಿ ‘ಪ್ಯಾಸಾ’ ಬಿಡುಗಡೆಯಾದುದು ಅದಕ್ಕೆ ಪೀಠಿಕೆ. ಒಮ್ಮೆ ನಷ್ಟಕ್ಕೆ ಹೆಸರಾದ ‘ಕಾಗಜ್ ಕೇ ಫೂಲ್’ ಚಿತ್ರಶಾಲೆಗಳ ಪಠ್ಯವಾಯಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ. ಕೆ. ಮೂರ್ತಿಯವರಿಗೆ ಸಂದಿತು, ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಆ ವೇಳೆಗೆ ಅವರು ಮುಂಬಯಿಯನ್ನು ಬಿಟ್ಟು ಬೆಂಗಳೂರಿಗೆ ಮರಳಿ ನೆಲಸಿದ್ದರು.