ಎರಡು ಸೂರ್ಯೋದಯಗಳ ಪಯಣ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಪರ್ತ್‌ನಿಂದ ಲಂಡನ್ನಿಗೆ ಹದಿನೇಳು ಗಂಟೆ ಒಂದೇ ವಿಮಾನದಲ್ಲಿ ಕುಳಿತು ಸಾಕಾಗಿಹೋಯಿತು" ಎಂದ. ಆ ದಾರಿಯ ಉದ್ದ 14,498 ಕಿ.ಮೀ. ನಡುವೆ ಎಲ್ಲಿಯೂ ಇಳಿಯದ ಈ ಸಂಚಾರ ಆರಂಭವಾದದ್ದು 2018ರ ಮಾರ್ಚ್‌ನಲ್ಲಿ. ಅದೇ ಪರ್ತ್‌ನಿಂದ, ಅದರ ಅರ್ಧಕ್ಕಿಂತ ಕಡಿಮೆ ದೂರವನ್ನು ಮೂವತ್ತು ಗಂಟೆ ಹಾರಿ ಕ್ರಮಿಸಿದವರಿದ್ದಾರೆ. ಅಂದು ಅವನಿಗೆ ಹೇಳಲಾಗದೆ ಉಳಿದ ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ನಡುವೆ ಇದ್ದ ವಿಮಾನಮಾರ್ಗ ಅಲ್ಲಿಗೆ ಕಡಿದುಬಿತ್ತು. ಯುದ್ಧಕಾಲದ ತುರ್ತು ಪತ್ರಗಳನ್ನೂ ಅಧಿಕಾರಿಗಳನ್ನೂ ಸಾಗಿಸಲು ಬೇರೆ ದಾರಿ ಬೇಕಾಯಿತು. 1943ರ ಜೂನ್‌ನಲ್ಲಿ ಕ್ವಾಂಟಾಸ್ ಸಂಸ್ಥೆಯು ಕ್ಯಾಟಲೀನಾ ಎಂಬ, ನೀರಿನ ಮೇಲಿಂದಲೇ ಏರಿ ಇಳಿಯುವ ವಿಮಾನಗಳಿಂದ ಹೊಸ ಸೇವೆ ಆರಂಭಿಸಿತು. ಪರ್ತ್‌ನ ಸ್ವಾನ್ ನದಿಯಿಂದ ಏರಿದರೆ ಇಳಿಯುವುದು ಸಿಂಹಳದ ದಕ್ಷಿಣ ತೀರದ ಕೊಗ್ಗಲ ಸರೋವರದಲ್ಲಿ. ಅಲ್ಲಿಂದ ಟಪಾಲು ಕರಾಚಿಯ ಮಾರ್ಗವಾಗಿ ಲಂಡನ್ ಸೇರುತ್ತಿತ್ತು.

ನೇರ ಅಳತೆಯಲ್ಲಿ ಈ ದೂರ ಸುಮಾರು 5,650 ಕಿ.ಮೀ. ವಿಮಾನದ ವೇಗವಾದರೋ ಗಂಟೆಗೆ ಇನ್ನೂರು ಕಿ.ಮೀ.ಗಳ ಆಸುಪಾಸು. ಗಾಳಿಯ ಅನುಕೂಲ, ಪ್ರತಿಕೂಲಗಳನ್ನು ಅನುಸರಿಸಿ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಭಾರವೆಲ್ಲ ಇಂಧನದ್ದೇ ಆದ್ದರಿಂದ ಮೂವರಿಗಿಂತ ಹೆಚ್ಚು ಪ್ರಯಾಣಿಕರಿಗೆ ಎಡೆಯಿರಲಿಲ್ಲ. ಒಂದೇ ಪಯಣದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದುದರಿಂದ 'ಇಮ್ಮಡಿ ಸೂರ್ಯೋದಯ'ವೆಂಬ ಹೆಸರು ಬಂದಿತು.

ಜಪಾನೀಯರ ವಿಮಾನಗಳು ಸುತ್ತುತ್ತಿದ್ದ ಕಡಲದು. ಅಲ್ಲಿ ಕತ್ತಲೆಯೇ ರಕ್ಷಣೆ. ರೇಡಿಯೋ ಮೌನ ಪಾಲಿಸಬೇಕಾಗಿದ್ದುದರಿಂದ ದಾರಿ ತಿಳಿಯಲು ನಕ್ಷತ್ರಗಳನ್ನೇ ನಂಬಬೇಕಾಗಿತ್ತು. ಐದು ವಿಮಾನಗಳಿಗೂ ನಕ್ಷತ್ರಗಳದೇ ಹೆಸರು: ಆಲ್ಟೇರ್, ವೇಗಾ, ರೈಗಲ್, ಅಂಟಾರಿಸ್, ಸ್ಪೈಕಾ. ಇವುಗಳಲ್ಲಿ ನಾಲ್ಕು ನಮ್ಮ ಹಿರಿಯರಿಗೂ ಪರಿಚಿತವೇ. ಆಲ್ಟೇರ್ ಎಂದರೆ ಶ್ರವಣ, ವೇಗಾ ಅಭಿಜಿತ್, ಅಂಟಾರಿಸ್ ಜ್ಯೇಷ್ಠಾ, ಸ್ಪೈಕಾ ಚಿತ್ತಾ. ನಾವು ಪಂಚಾಂಗದಲ್ಲಿ ನೋಡುವ ಚಿತ್ತಾ ನಕ್ಷತ್ರವನ್ನು ಅವರು ನಡುಗಡಲಿನ ಇರುಳಿನಲ್ಲಿ ಪ್ರಾಣ ಉಳಿಸಿಕೊಳ್ಳಲು ನೋಡುತ್ತಿದ್ದರು.

1945ರ ಜುಲೈವರೆಗೆ ಹೀಗೆ 271 ಬಾರಿ ಸಾಗರ ದಾಟಿದರು. ಒಂದು ವಿಮಾನವೂ ಕಳೆದುಹೋಗಲಿಲ್ಲ. ಆದರೆ ಯುದ್ಧ ಮುಗಿದ ಮೇಲೆ, ಅಮೆರಿಕದಿಂದ ಎರವಲು ಬಂದಿದ್ದ ಆ ಐದನ್ನೂ ಒಪ್ಪಂದದ ಪ್ರಕಾರ ಕಡಲಿನಲ್ಲಿ ಮುಳುಗಿಸಲಾಯಿತು. ಶತ್ರುವಿನ ಕೈಗೆ ಸಿಗದವು ಶಾಂತಿಕಾಲದಲ್ಲಿ ಉಳಿಯಲಿಲ್ಲ.

ತರಗತಿಯಲ್ಲಿ ನಾನು ಗೋಳದ ಮೇಲೆ ದಾರ ಹಿಡಿದು ಎರಡು ಊರುಗಳ ದೂರ ಅಳೆದು ತೋರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದಾರದಿಂದ ಕಿಲೋಮೀಟರು ತಿಳಿಯುತ್ತದೆ; ಆ ದೂರವನ್ನು ದಾಟಿದವರ ಪಾಡು ತಿಳಿಯಬೇಕಾದರೆ ಚರಿತ್ರೆಯನ್ನೇ ಓದಬೇಕು. ಇನ್ನೊಮ್ಮೆ ಇರುಳಿನಲ್ಲಿ ಹಿಂದೂ ಮಹಾಸಾಗರದ ಮೇಲೆ ಹಾರುವಾಗ, ಮಗೂ, ಕಿಟಕಿಯ ಪರದೆ ಸರಿಸಿ ನಕ್ಷತ್ರಗಳನ್ನೊಮ್ಮೆ ನೋಡು.